ಯುರೋಪಿನಲ್ಲಿ ಪ್ರಯಾಣಿಕನ ಹಕ್ಕು ಮತ್ತು ಟ್ರಾವೆಲ್ ಏಜೆಂಟನ ಹೊಣೆ



ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಯುರೋಪಿಗೆ ಹೋಗುವವರು ಇಂದು ಹಲವು ಬಗೆಯವರು. ರೋಮ್, ಲೂರ್ದ್, ಫಾತಿಮಾಗಳಿಗೆ ಯಾತ್ರೆ ಹೋಗುವವರಿದ್ದಾರೆ. ಜರ್ಮನಿ, ಇಟಲಿ, ಐರ್ಲೆಂಡ್‌ಗಳಲ್ಲಿ ದುಡಿಯುವ ಮಕ್ಕಳನ್ನು ನೋಡಲು ಹೋಗುವ ಹಿರಿಯರಿದ್ದಾರೆ. ಓದಲು ಹೋಗುವ ಯುವಜನರು, ಸೇವೆಗಾಗಿ ಹೋಗುವ ಧರ್ಮಗುರುಗಳು ಮತ್ತು ಧರ್ಮಭಗಿನಿಯರೂ ಇದ್ದಾರೆ. ಇವರಲ್ಲಿ ಅನೇಕರು ಟಿಕೆಟ್ ಮಾಡಿಸುವುದು ಪರಿಚಯದ ಟ್ರಾವೆಲ್ ಏಜೆಂಟರ ಮೂಲಕ. 'ಎಲ್ಲ ಅವರೇ ನೋಡಿಕೊಳ್ಳುತ್ತಾರೆ' ಎಂಬ ನಂಬಿಕೆಯಿಂದ ಹಣ ಕೊಟ್ಟು, ಟಿಕೆಟ್ ಪಡೆದು, ಪೆಟ್ಟಿಗೆ ಕಟ್ಟುತ್ತಾರೆ.

ತೊಂದರೆ ಎದುರಾಗುವುದು ವಿಮಾನ ರದ್ದಾದಾಗ ಅಥವಾ ಬಹಳ ತಡವಾದಾಗ. ನಿಲ್ದಾಣದ ಕೌಂಟರಿನಲ್ಲಿ ಕೇಳಿದರೆ 'ನಿಮ್ಮ ಏಜೆಂಟರನ್ನು ಕೇಳಿ' ಎನ್ನುತ್ತಾರೆ. ಏಜೆಂಟರಿಗೆ ಫೋನ್ ಮಾಡಿದರೆ 'ಅದು ವಿಮಾನದವರ ಜವಾಬ್ದಾರಿ' ಎನ್ನುತ್ತಾರೆ. ಭಾಷೆ ಬಾರದ ಊರಿನಲ್ಲಿ, ಕೈಯಲ್ಲಿರುವ ಅಲ್ಪಸ್ವಲ್ಪ ಯೂರೋವನ್ನು ಎಣಿಸುತ್ತಾ, ಹಿರಿಯ ದಂಪತಿ ಕುರ್ಚಿಯ ಮೇಲೆ ರಾತ್ರಿ ಕಳೆಯುತ್ತಾರೆ. ಊಟಕ್ಕೆ, ಹೋಟೆಲಿನ ಕೋಣೆಗೆ, ಕೆಲವೊಮ್ಮೆ ನೂರಾರು ಯೂರೋಗಳ ಪರಿಹಾರಕ್ಕೂ ತಾವು ಹಕ್ಕುದಾರರು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಕೇಳದವರಿಗೆ ಯಾರೂ ತಾವಾಗಿ ಕೊಡುವುದು ಅಪರೂಪ.

ಯುರೋಪಿನ ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಟಿಕೆಟನ್ನು ಯಾರಿಂದ ಕೊಂಡರೂ ಹಕ್ಕು ಪ್ರಯಾಣಿಕನದು. ನಡುವೆ ಏಜೆಂಟ್ ಇದ್ದಾನೆ ಎಂಬ ಕಾರಣಕ್ಕೆ ಅದು ಇಲ್ಲವಾಗುವುದಿಲ್ಲ. ಆದರೆ ಆ ಹಕ್ಕನ್ನು ಯಾರ ಬಳಿ ಕೇಳಬೇಕು ಎಂಬುದು ಏಜೆಂಟ್ ವಹಿಸಿದ ಪಾತ್ರದ ಮೇಲೆ ನಿಂತಿದೆ. ಈ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಏಜೆಂಟರಿಗೆ ತಿಳಿಸಿದರೆ ಸಾಕೇ?

ಮೊದಲು ಒಂದು ನಿಜ ಪ್ರಕರಣವನ್ನು ನೋಡೋಣ. ಒಬ್ಬ ಪ್ರಯಾಣಿಕರು ಆಮ್‌ಸ್ಟರ್‌ಡ್ಯಾಮ್‌ನಿಂದ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ರಾಜಧಾನಿ ಪಾರಾಮಾರಿಬೋಗೆ ಆನ್‌ಲೈನ್ ಏಜೆನ್ಸಿಯೊಂದರ ಮೂಲಕ ಟಿಕೆಟ್ ಕಾದಿರಿಸಿದ್ದರು. ವಿಮಾನ ಹೊರಡಬೇಕಿದ್ದುದು 2014ರ ನವೆಂಬರ್ 14ರಂದು. ವಿಮಾನಯಾನ ಸಂಸ್ಥೆ ಅಕ್ಟೋಬರ್ 9ರಂದೇ ಅದನ್ನು ರದ್ದು ಮಾಡಿ ಏಜೆನ್ಸಿಗೆ ತಿಳಿಸಿತು. ಆದರೆ ಏಜೆನ್ಸಿ ಪ್ರಯಾಣಿಕರಿಗೆ ಇ-ಮೇಲ್ ಕಳುಹಿಸಿದ್ದು ನವೆಂಬರ್ 4ರಂದು, ಅಂದರೆ ಹೊರಡಲು ಹತ್ತು ದಿನವಷ್ಟೇ ಉಳಿದಿದ್ದಾಗ.

ಯುರೋಪಿನ ನಿಯಮದ ಪ್ರಕಾರ, ಎರಡು ವಾರ ಮೊದಲೇ ರದ್ದತಿಯನ್ನು ತಿಳಿಸಿದರೆ ವಿಮಾನ ಸಂಸ್ಥೆ ಪರಿಹಾರಧನ ಕೊಡಬೇಕಾಗಿಲ್ಲ. 'ನಾವು ಏಜೆನ್ಸಿಗೆ ಒಂದು ತಿಂಗಳು ಮೊದಲೇ ತಿಳಿಸಿದ್ದೇವೆ' ಎಂಬುದು ಸಂಸ್ಥೆಯ ವಾದವಾಗಿತ್ತು. ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರ ಮೇ 11ರಂದು ಈ ವಾದವನ್ನು ಒಪ್ಪಲಿಲ್ಲ. ಪ್ರಯಾಣಿಕನಿಗೇ ಸಕಾಲದಲ್ಲಿ ವಿಷಯ ತಲುಪಿತು ಎಂಬುದನ್ನು ಸಂಸ್ಥೆ ಸಾಬೀತುಪಡಿಸಬೇಕು. ಏಜೆಂಟರಿಗೆ ತಿಳಿಸಿದ್ದು ಸಾಲದು. ಹಾಗಾಗಿ 600 ಯೂರೋ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ವಿಮಾನ ಸಂಸ್ಥೆ ಬೇಕಾದರೆ ಆ ಮೊತ್ತವನ್ನು ಏಜೆಂಟರಿಂದ ವಸೂಲು ಮಾಡಿಕೊಳ್ಳಲಿ, ಅವರ ನಡುವಿನ ಲೆಕ್ಕಾಚಾರದಲ್ಲಿ ಪ್ರಯಾಣಿಕ ಸಿಲುಕಬಾರದು ಎಂಬುದೇ ಇದರ ಸಾರ. 2021ರ ಡಿಸೆಂಬರ್ 21ರ ಇನ್ನೊಂದು ತೀರ್ಪಿನಲ್ಲಿ, ಪ್ರಯಾಣಿಕ ತನ್ನ ಪರವಾಗಿ ಮಾಹಿತಿ ಪಡೆಯಲು ಮಧ್ಯವರ್ತಿಗೆ ಸ್ಪಷ್ಟವಾಗಿ ಅಧಿಕಾರ ಕೊಟ್ಟಿರದಿದ್ದರೆ ಇದೇ ತತ್ವ ಅನ್ವಯಿಸುತ್ತದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಕಾನೂನು ಏನು ಕೊಡುತ್ತದೆ?

ಈ ಹಕ್ಕುಗಳ ಮೂಲ 2004ರ 261ನೇ ನಿಯಮಾವಳಿ. ಇದು 2005ರ ಫೆಬ್ರವರಿ 17ರಿಂದ ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರಗಳಲ್ಲದೆ ನಾರ್ವೆ, ಐಸ್‌ಲೆಂಡ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿಯೂ ಇದು ಅನ್ವಯಿಸುತ್ತದೆ. ಇದು ಪ್ರಯಾಣಿಕನಿಗೆ ಮೂರು ಬಗೆಯ ರಕ್ಷಣೆ ಕೊಡುತ್ತದೆ.

ಮೊದಲನೆಯದು ಆರೈಕೆ. ದೂರಕ್ಕನುಗುಣವಾಗಿ 2, 3 ಅಥವಾ 4 ಗಂಟೆಗಿಂತ ಹೆಚ್ಚು ಕಾಯಬೇಕಾದರೆ ಊಟ-ಪಾನೀಯ, ಎರಡು ಫೋನ್ ಕರೆ ಅಥವಾ ಇ-ಮೇಲ್, ರಾತ್ರಿ ಉಳಿಯಬೇಕಾದರೆ ಹೋಟೆಲು ಮತ್ತು ಅಲ್ಲಿಗೆ ಹೋಗಿಬರುವ ವಾಹನ, ಇವೆಲ್ಲವನ್ನೂ ವಿಮಾನ ಸಂಸ್ಥೆ ಉಚಿತವಾಗಿ ಒದಗಿಸಬೇಕು.

ಎರಡನೆಯದು ಆಯ್ಕೆ. ವಿಮಾನ ರದ್ದಾದರೆ ಟಿಕೆಟ್ ಹಣ ವಾಪಸು ಬೇಕೇ, ಬೇರೆ ವಿಮಾನದಲ್ಲಿ ಊರು ತಲುಪಬೇಕೇ ಎಂದು ನಿರ್ಧರಿಸುವವನು ಪ್ರಯಾಣಿಕ. ಹಣವಾದರೆ ಏಳು ದಿನಗಳೊಳಗೆ ಕೊಡಬೇಕು. ಪ್ರಯಾಣಿಕ ಸಹಿ ಹಾಕಿ ಒಪ್ಪಿದರೆ ಮಾತ್ರ ಹಣದ ಬದಲು ವೋಚರ್ ಕೊಡಬಹುದು. ವಿಮಾನ 5 ಗಂಟೆಗಿಂತ ಹೆಚ್ಚು ತಡವಾದರೆ ಪ್ರಯಾಣವನ್ನೇ ಕೈಬಿಟ್ಟು ಹಣ ಹಿಂಪಡೆಯಬಹುದು.

ಮೂರನೆಯದು ಪರಿಹಾರಧನ. 1,500 ಕಿ.ಮೀ. ವರೆಗಿನ ಪ್ರಯಾಣಕ್ಕೆ 250 ಯೂರೋ, ಒಕ್ಕೂಟದೊಳಗಿನ ಅದಕ್ಕಿಂತ ಉದ್ದದ ಹಾಗೂ ಇತರ 1,500ರಿಂದ 3,500 ಕಿ.ಮೀ. ವರೆಗಿನ ಪ್ರಯಾಣಕ್ಕೆ 400 ಯೂರೋ, ಅದಕ್ಕೂ ದೂರದ್ದಕ್ಕೆ 600 ಯೂರೋ. ಭಾರತ-ಯುರೋಪ್ ಪ್ರಯಾಣ ಬರುವುದು ಕೊನೆಯ ವರ್ಗಕ್ಕೆ. ರದ್ದತಿ ಮತ್ತು ಸೀಟು ನಿರಾಕರಣೆಗೆ ಇದನ್ನು ನಿಯಮಾವಳಿಯೇ ಹೇಳಿತ್ತು. ಗುರಿ ತಲುಪುವುದು 3 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೂ ಪರಿಹಾರ ಸಲ್ಲಬೇಕೆಂದು ನ್ಯಾಯಾಲಯ 2009ರ ನವೆಂಬರ್ 19ರಂದು ತೀರ್ಪಿತ್ತಿತು. ದೂರದ ಪ್ರಯಾಣದಲ್ಲಿ ತಡ 4 ಗಂಟೆಗಿಂತ ಕಡಿಮೆ ಇದ್ದರೆ ಮೊತ್ತ ಅರ್ಧಕ್ಕೆ ಇಳಿಯಬಹುದು.

2025ರ ಜೂನ್ 5ರಂದು ಸದಸ್ಯ ರಾಷ್ಟ್ರಗಳ ಸಚಿವರ ಮಂಡಳಿ ಈ 3 ಗಂಟೆಯ ಮಿತಿಯನ್ನು ದೂರಕ್ಕನುಗುಣವಾಗಿ 4 ಮತ್ತು 6 ಗಂಟೆಗೆ ಏರಿಸುವ ನಿಲುವು ತಳೆಯಿತು. ಮಂಡಳಿಯ ನಿಲುವು ತಾನಾಗಿ ಕಾನೂನಾಗುವುದಿಲ್ಲ. ಐರೋಪ್ಯ ಸಂಸತ್ತೂ ಒಪ್ಪಬೇಕು. ಆದುದರಿಂದ ಹೊರಡುವ ಸಮಯದಲ್ಲಿ ಜಾರಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮವರಿಗೆ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಪ್ರಯಾಣಿಕನ ಪೌರತ್ವ ಯಾವುದು, ಟಿಕೆಟ್ ಕೊಂಡದ್ದು ಮಂಗಳೂರಿನಲ್ಲೋ ಮ್ಯೂನಿಕ್‌ನಲ್ಲೋ ಎಂಬುದು ಮುಖ್ಯವಲ್ಲ. ವಿಮಾನ ಎಲ್ಲಿಂದ ಹೊರಡುತ್ತದೆ, ಅದನ್ನು ಹಾರಿಸುವ ಸಂಸ್ಥೆ ಯಾವುದು ಎಂಬುದು ಮುಖ್ಯ. ಒಕ್ಕೂಟದ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೂ, ಅವು ಯಾವ ದೇಶದ ಸಂಸ್ಥೆಗೆ ಸೇರಿದರೂ, ಈ ನಿಯಮ ಅನ್ವಯಿಸುತ್ತದೆ. ಹೊರಗಿನಿಂದ ಒಕ್ಕೂಟಕ್ಕೆ ಬರುವ ವಿಮಾನವಾದರೆ, ಅದು ಒಕ್ಕೂಟದ ಸಂಸ್ಥೆಯ ವಿಮಾನವಾಗಿರಬೇಕು.

ಉದಾಹರಣೆಗೆ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋದರೆ ಹೋಗುವಾಗಲೂ ಬರುವಾಗಲೂ ರಕ್ಷಣೆ ಇದೆ. ದೆಹಲಿಯಿಂದ ಏರ್ ಇಂಡಿಯಾದಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗುವಾಗ ಇಲ್ಲ, ಹಿಂದಿರುಗುವಾಗ ಇದೆ. ಗಲ್ಫ್ ಸಂಸ್ಥೆಯ ವಿಮಾನದಲ್ಲಿ ದುಬೈ ಅಥವಾ ದೋಹಾ ಮೂಲಕ ರೋಮ್‌ಗೆ ಹೋಗುವವರಿಗೂ ಇದೇ ಮಾತು.

ಇಲ್ಲಿ ಏಜೆಂಟರ ಕೆಲಸದ ಒಂದು ಅಂಶ ಬಹಳ ಮುಖ್ಯವಾಗುತ್ತದೆ. ರೋಮ್‌ನಿಂದ ಗಲ್ಫ್ ಮೂಲಕ ಬೆಂಗಳೂರಿನವರೆಗೆ ಒಂದೇ ಬುಕಿಂಗ್ ಇದ್ದರೆ, ಕಾನೂನು ಅದನ್ನು ಒಂದೇ ಪ್ರಯಾಣವೆಂದು ಪರಿಗಣಿಸುತ್ತದೆ. ತಡವನ್ನು ಅಳೆಯುವುದು ಕೊನೆಯ ನಿಲ್ದಾಣದಲ್ಲಿ. ಎರಡನೇ ವಿಮಾನ ಗಲ್ಫ್‌ನಿಂದಲೇ ತಡವಾಗಿ ಹೊರಟರೂ ರಕ್ಷಣೆ ಉಳಿಯುತ್ತದೆ. ಬರ್ಲಿನ್‌ನಿಂದ ಕಾಸಾಬ್ಲಾಂಕಾ ಮೂಲಕ ಅಗಾದಿರ್‌ಗೆ ಹೋಗುತ್ತಿದ್ದವರೊಬ್ಬರ ಪ್ರಕರಣದಲ್ಲಿ 2018ರ ಮೇ 31ರಂದು ನ್ಯಾಯಾಲಯ ಇದನ್ನೇ ಹೇಳಿತು. ಆದರೆ ದರ ಕಡಿಮೆ ಮಾಡಲು ಏಜೆಂಟ್ ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದಾಗ ಎರಡನೇ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ. ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ ಪೂರ್ತಿ ಟಿಕೆಟ್ ಕಳೆದುಕೊಳ್ಳುವುದು ಹೀಗೆಯೇ.

ಬ್ರಿಟನ್ ಒಕ್ಕೂಟದಿಂದ ಹೊರಬಂದರೂ ಇದೇ ನಿಯಮವನ್ನು ತನ್ನ ಕಾನೂನಾಗಿ ಉಳಿಸಿಕೊಂಡಿದೆ. ಅಲ್ಲಿನ ಮೊತ್ತ 220, 350 ಮತ್ತು 520 ಪೌಂಡ್.

ಅಸಾಧಾರಣ ಸಂದರ್ಭ ಎಂದರೇನು?

'ತಾಂತ್ರಿಕ ದೋಷ, ನಾವೇನೂ ಮಾಡುವಂತಿಲ್ಲ' ಎಂಬುದು ಕೌಂಟರಿನಲ್ಲಿ ಕೇಳಿಬರುವ ಸಾಮಾನ್ಯ ಉತ್ತರ. ಸಂಸ್ಥೆಯ ಹತೋಟಿಗೆ ಮೀರಿದ ಅಸಾಧಾರಣ ಸಂದರ್ಭದಲ್ಲಿ ಪರಿಹಾರಧನ ಕೊಡಬೇಕಿಲ್ಲ ಎಂಬುದು ನಿಜ. ಕೆಟ್ಟ ಹವಾಮಾನ, ವಿಮಾನ ಸಂಚಾರ ನಿಯಂತ್ರಕರ ಮುಷ್ಕರ, ಹಕ್ಕಿ ಬಡಿಯುವುದು ಇವು ಆ ವರ್ಗಕ್ಕೆ ಸೇರುತ್ತವೆ. ಆದರೆ ಯಂತ್ರದ ಸಾಮಾನ್ಯ ದೋಷ ಸೇರುವುದಿಲ್ಲ ಎಂದು 2008ರಲ್ಲಿಯೇ ತೀರ್ಮಾನವಾಗಿದೆ.

ಅಸಾಧಾರಣ ಸಂದರ್ಭದಲ್ಲಿಯೂ ಊಟ, ವಸತಿಯ ಹೊಣೆ ತಪ್ಪುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿಹೋದಾಗ, ಪೋರ್ಚುಗಲ್‌ನ ಫಾರೋದಿಂದ ಡಬ್ಲಿನ್‌ಗೆ ಹೋಗಬೇಕಿದ್ದ ರಯಾನ್‌ಏರ್ ಪ್ರಯಾಣಿಕರೊಬ್ಬರು ಒಂದು ವಾರ ಸಿಲುಕಿಕೊಂಡರು. ಊಟ-ವಸತಿಗೆ ತಾವೇ ಖರ್ಚು ಮಾಡಿದ ಸುಮಾರು 1,130 ಯೂರೋವನ್ನು ಕೇಳಿದರು. ಆರೈಕೆಯ ಹೊಣೆಗೆ ದಿನಗಳ ಮಿತಿಯೂ ಇಲ್ಲ, ಹಣದ ಮಿತಿಯೂ ಇಲ್ಲ, ಖರ್ಚು ಅಗತ್ಯದ್ದೂ ನ್ಯಾಯವಾದದ್ದೂ ಆಗಿದ್ದರೆ ಸಾಕು ಎಂದು 2013ರ ಜನವರಿ 31ರಂದು ನ್ಯಾಯಾಲಯ ಹೇಳಿತು. ಆದುದರಿಂದ ರಸೀದಿಗಳನ್ನು ಜೋಪಾನವಾಗಿಡಿ.

ಏಜೆಂಟರ ಮೂರು ಪಾತ್ರಗಳು

ಟ್ರಾವೆಲ್ ಏಜೆಂಟ್ ಎಂಬ ಒಂದೇ ಫಲಕದ ಕೆಳಗೆ ಮೂರು ಬಗೆಯ ಕೆಲಸ ನಡೆಯುತ್ತದೆ.

1. ಬರೀ ಟಿಕೆಟ್ ಮಾರುವ ಮಧ್ಯವರ್ತಿ. ಇಲ್ಲಿ ಪ್ರಯಾಣದ ಹೊಣೆ ವಿಮಾನವನ್ನು ಹಾರಿಸುವ ಸಂಸ್ಥೆಯದು. ಪರಿಹಾರವನ್ನೂ ಆರೈಕೆಯನ್ನೂ ಅದರಿಂದಲೇ ಕೇಳಬೇಕು. ಟಿಕೆಟಿನ ಮೇಲೆ ಒಂದು ಸಂಸ್ಥೆಯ ಹೆಸರಿದ್ದು ಇನ್ನೊಂದು ಸಂಸ್ಥೆ ಹಾರಿಸಿದರೆ, ಹಾರಿಸಿದವರೇ ಹೊಣೆ. ಹಣ ವಾಪಸಾಗುವಾಗ ಮಾತ್ರ ಗೊಂದಲ ಹೆಚ್ಚು. ಏಕೆಂದರೆ ಹಣ ಏಜೆಂಟರ ಖಾತೆಯ ಮೂಲಕ ಬರುವುದುಂಟು. 2020ರ ಕೋವಿಡ್ ಕಾಲದಲ್ಲಿ ಮಧ್ಯವರ್ತಿಗಳ ಮೂಲಕ ಕೊಂಡವರಿಗೆ ಹಣ ತಡವಾಗಿ, ಅರೆಬರೆಯಾಗಿ ಸಿಕ್ಕಿತು, ಕೆಲವರಿಗೆ ಸಿಗಲೇ ಇಲ್ಲ ಎಂಬುದನ್ನು ಐರೋಪ್ಯ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಎತ್ತಿ ತೋರಿಸಿತು.

ಕಮಿಷನ್ ಹಣದ ಬಗ್ಗೆಯೂ ಒಂದು ತೀರ್ಪಿದೆ. ಹ್ಯಾಂಬರ್ಗ್‌ನಿಂದ ಫಾರೋಗೆ ಹೋಗಬೇಕಿದ್ದ ಒಂದು ಕುಟುಂಬ ಓಪೋಡೋ ಎಂಬ ಏಜೆನ್ಸಿಗೆ 1,108.88 ಯೂರೋ ಕೊಟ್ಟಿತ್ತು. ವುವೆಲಿಂಗ್ ಸಂಸ್ಥೆಗೆ ತಲುಪಿದ್ದು 1,031.88 ಯೂರೋ. ಉಳಿದ 77 ಯೂರೋ ಕಮಿಷನ್. ಅದನ್ನೂ ಸೇರಿಸಿ ಹಿಂದಿರುಗಿಸಬೇಕು, ವಿಮಾನ ಸಂಸ್ಥೆಗೆ ತಿಳಿಯದಂತೆ ಏಜೆನ್ಸಿ ಹಾಕಿದ ಕಮಿಷನ್ ಮಾತ್ರ ಇದಕ್ಕೆ ಹೊರತು ಎಂದು 2018ರ ಸೆಪ್ಟೆಂಬರ್ 12ರಂದು ತೀರ್ಪಾಯಿತು.

2. ಪ್ಯಾಕೇಜಿನ ಆಯೋಜಕ. ವಿಮಾನ, ಹೋಟೆಲು, ಬಸ್ಸು ಮುಂತಾದವುಗಳಲ್ಲಿ ಕನಿಷ್ಠ ಎರಡನ್ನು ಒಂದೇ ಪ್ರಯಾಣಕ್ಕಾಗಿ ಒಟ್ಟುಗೂಡಿಸಿ ಮಾರುವವನು ಆಯೋಜಕ. 2015ರಲ್ಲಿ ಅಂಗೀಕಾರವಾಗಿ 2018ರ ಜುಲೈ 1ರಿಂದ ಅನ್ವಯವಾದ ಪ್ಯಾಕೇಜ್ ಪ್ರಯಾಣದ ನಿರ್ದೇಶನದ ಪ್ರಕಾರ, ಪ್ರಯಾಣದ ಪ್ರತಿಯೊಂದು ಭಾಗಕ್ಕೂ ಆಯೋಜಕನೇ ಹೊಣೆ. ಹೋಟೆಲ್ ಹೇಳಿದಂತೆ ಇರದಿದ್ದರೆ 'ಅದು ಹೋಟೆಲಿನವರ ತಪ್ಪು' ಎಂದು ಅವನು ಕೈತೊಳೆದುಕೊಳ್ಳುವಂತಿಲ್ಲ. ದರವನ್ನು ಶೇ. 8ಕ್ಕಿಂತ ಹೆಚ್ಚು ಏರಿಸಿದರೆ ಪ್ರಯಾಣಿಕ ಶುಲ್ಕವಿಲ್ಲದೆ ಹಿಂದೆ ಸರಿಯಬಹುದು. ಜನ ಸಾಕಷ್ಟು ಸೇರದೆ ರದ್ದು ಮಾಡುವುದಾದರೆ, ಆರು ದಿನಕ್ಕಿಂತ ಉದ್ದದ ಪ್ರವಾಸಕ್ಕೆ 20 ದಿನ ಮೊದಲೇ ತಿಳಿಸಬೇಕು. ಏನೋ ಕಾರಣದಿಂದ ಹೋಗಲಾಗದಿದ್ದರೆ 7 ದಿನ ಮೊದಲು ತಿಳಿಸಿ ಆ ಜಾಗವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು.

3. ಬೇರೆಯವರ ಪ್ಯಾಕೇಜ್ ಮಾರುವ ಚಿಲ್ಲರೆ ಮಾರಾಟಗಾರ. ಇವನು ಆಯೋಜಕನ ಹೆಸರು, ಷರತ್ತುಗಳು, ದಿವಾಳಿಯಾದರೆ ರಕ್ಷಣೆ ಕೊಡುವವರ ವಿವರ ಇವನ್ನೆಲ್ಲ ಒಪ್ಪಂದಕ್ಕೆ ಮೊದಲೇ ಕೊಡಬೇಕು. ಪ್ರಯಾಣಿಕ ಇವನಿಗೆ ಕೊಟ್ಟ ದೂರು ಆಯೋಜಕನಿಗೇ ಕೊಟ್ಟಂತೆ. ಅದನ್ನು ತಡಮಾಡದೆ ದಾಟಿಸುವುದು ಇವನ ಕರ್ತವ್ಯ.

ದಿವಾಳಿಯ ರಕ್ಷಣೆ ಏಕೆ ಬೇಕು ಎಂಬುದಕ್ಕೆ ಥಾಮಸ್ ಕುಕ್ ಕಂಪೆನಿಯೇ ಸಾಕ್ಷಿ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಬ್ಯಾಪ್ಟಿಸ್ಟ್ ಪ್ರಚಾರಕರು ಮದ್ಯವಿರೋಧಿ ಸಭೆಗಾಗಿ ಸುಮಾರು 500 ಜನರನ್ನು ಒಂದು ಶಿಲ್ಲಿಂಗ್ ದರದಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದರು. ಟ್ರಾವೆಲ್ ಏಜೆಂಟರ ಇಂದಿನ ಉದ್ಯಮ ಬೆಳೆದದ್ದು ಅಂಥ ಪ್ರವಾಸಗಳಿಂದ. ಆ ಕಂಪೆನಿ 178 ವರ್ಷಗಳ ನಂತರ, 2019ರ ಸೆಪ್ಟೆಂಬರ್ 23ರಂದು ರಾತ್ರೋರಾತ್ರಿ ಮುಚ್ಚಿತು. ಹೊರದೇಶಗಳಲ್ಲಿ ಸಿಲುಕಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರಯಾಣಿಕರನ್ನು ಸರಕಾರ ಮತ್ತು ನಾಗರಿಕ ವಿಮಾನಯಾನ ಪ್ರಾಧಿಕಾರ ಊರಿಗೆ ಕರೆತಂದವು. 1973ರಿಂದ ಇದ್ದ 'ಅಟಾಲ್' ಎಂಬ ರಕ್ಷಣಾ ಯೋಜನೆಯಡಿ ಪ್ಯಾಕೇಜ್ ಕೊಂಡವರಿಗೆ ಹಣವೂ ಮರಳಿತು. ಭಾರತದ ಥಾಮಸ್ ಕುಕ್ ಅಷ್ಟರಲ್ಲಾಗಲೇ ಬೇರೆ ಒಡೆತನದ ಕಂಪೆನಿಯಾಗಿದ್ದುದರಿಂದ ಇಲ್ಲಿನವರಿಗೆ ತೊಂದರೆಯಾಗಲಿಲ್ಲ.

ಧರ್ಮಕೇಂದ್ರದ ಯಾತ್ರೆಗಳು

ಈಗ ನಮ್ಮದೇ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಪ್ಯಾಕೇಜ್ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಲಾಭದ ಉದ್ದೇಶವಿಲ್ಲದೆ, ವರ್ಷಕ್ಕೆ ಕೆಲವೇ ಬಾರಿ, ತಮ್ಮದೇ ಸದಸ್ಯರ ಸೀಮಿತ ಗುಂಪಿಗೆ ದತ್ತಿ ಸಂಸ್ಥೆ, ಕ್ಲಬ್, ಶಾಲೆಗಳು ಏರ್ಪಡಿಸುವ ಪ್ರವಾಸಗಳಿಗೆ ಅದು ಅನ್ವಯಿಸುವುದಿಲ್ಲ. ಯುರೋಪಿನಲ್ಲಿ ಚರ್ಚ್ ಗುಂಪೊಂದು ತಾನೇ ಬಸ್ಸು ಗೊತ್ತುಮಾಡಿ, ಹೋಟೆಲ್ ಹಿಡಿದು ಲೂರ್ದ್‌ಗೆ ಹೊರಟರೆ ಈ ವಿನಾಯಿತಿಗೆ ಬೀಳಬಹುದು. ಸಂಘಟಕರಿಗೆ ಕಟ್ಟುಪಾಡು ಕಡಿಮೆ ಎಂಬುದು ನಿಜ. ಆದರೆ ಯಾತ್ರಿಕರಿಗೆ ರಕ್ಷಣೆಯೂ ಅಷ್ಟೇ ಕಡಿಮೆ. ಅಲ್ಲಿರುವ ನಮ್ಮ ಸಮುದಾಯದವರು ಯಾತ್ರೆ ಏರ್ಪಡಿಸುವಾಗ ಪರವಾನಗಿ ಇರುವ ಸಂಸ್ಥೆಯನ್ನೇ ಆಯೋಜಕನನ್ನಾಗಿ ಮಾಡುವುದು ಕ್ಷೇಮ.

ಊರಿನಿಂದ ಹೊರಡುವ ಗುಂಪುಗಳ ಸ್ಥಿತಿ ಬೇರೆ. ಇಲ್ಲಿನ ಏಜೆನ್ಸಿಯಿಂದ ಇಲ್ಲಿಯೇ ಕೊಂಡ ಯಾತ್ರಾ ಪ್ಯಾಕೇಜಿಗೆ ಯುರೋಪಿನ ಪ್ಯಾಕೇಜ್ ಕಾನೂನಿನ ನೆರಳಿಲ್ಲ. ಅಲ್ಲಿನ ವಿಮಾನಗಳಲ್ಲಿ ಪ್ರಯಾಣಿಕನ ಹಕ್ಕು ಇದ್ದೇ ಇರುತ್ತದೆ. ಹೋಟೆಲು, ಊಟ, ಬಸ್ಸುಗಳ ವಿಷಯದಲ್ಲಿ ಮಾತ್ರ ಏಜೆನ್ಸಿಯೊಡನೆ ಮಾಡಿಕೊಂಡ ಲಿಖಿತ ಒಪ್ಪಂದ ಮತ್ತು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಆಧಾರ. ಹೀಗಿರುವಾಗ ಕರಪತ್ರದಲ್ಲಿ ಧರ್ಮಗುರುವಿನ ಭಾವಚಿತ್ರ ಇದೆ ಎಂಬ ಒಂದೇ ಭರವಸೆಯಲ್ಲಿ ಜನ ಹಣ ಕಟ್ಟುವುದನ್ನು ನಾವು ಧರ್ಮಗುರುಗಳು ಗಂಭೀರವಾಗಿ ಗಮನಿಸಬೇಕು. ಜನ ನಂಬುವುದು ಕಂಪೆನಿಯನ್ನಲ್ಲ, ನಮ್ಮನ್ನು. ಯಾತ್ರೆಯ ಮುಂದಾಳತ್ವಕ್ಕೆ ಹೆಸರು ಕೊಡುವ ಮೊದಲು ಒಪ್ಪಂದದ ಪ್ರತಿ ಓದಿ, ರದ್ದಾದರೆ ಹಣ ಯಾರು, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಬರಹದಲ್ಲಿ ಪಡೆಯುವುದು ನಮ್ಮ ಕರ್ತವ್ಯ.

ಹಿರಿಯರು, ಸಾಮಾನು, ರೈಲು

ಗಾಲಿಕುರ್ಚಿಯ ನೆರವು ಯುರೋಪಿನ ನಿಲ್ದಾಣಗಳಲ್ಲಿ ಉಚಿತ. 2006ರ 1107ನೇ ನಿಯಮಾವಳಿಯ ಪ್ರಕಾರ 48 ಗಂಟೆ ಮೊದಲು ತಿಳಿಸಬೇಕು. ಈ ಕೋರಿಕೆಯನ್ನು ಸ್ವೀಕರಿಸಿ ದಾಟಿಸುವುದು ಟಿಕೆಟ್ ಮಾರುವ ಏಜೆಂಟರ ಕಾನೂನುಬದ್ಧ ಕರ್ತವ್ಯ, ಉಪಕಾರವಲ್ಲ.

ಸಾಮಾನು ಕಳೆದರೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತವೂ 2009ರಿಂದ ಇದರಲ್ಲಿದೆ. ಹಾಳಾದ ಪೆಟ್ಟಿಗೆಗೆ 7 ದಿನದೊಳಗೆ, ತಡವಾಗಿ ಬಂದ ಪೆಟ್ಟಿಗೆಗೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ರೈಲಿನಲ್ಲಿ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ದರದ ಶೇ. 25, 120 ನಿಮಿಷ ಮೀರಿದರೆ ಶೇ. 50 ಪರಿಹಾರವಿದೆ. 2023ರ ಜೂನ್ 7ರಿಂದ ಅನ್ವಯವಾದ ಹೊಸ ನಿಯಮಾವಳಿಯಲ್ಲಿ ತೀವ್ರ ಹವಾಮಾನದಂಥ ಕಾರಣಗಳಿಗೆ ವಿನಾಯಿತಿ ನೀಡಲಾಗಿದೆ.

ಹೊರಡುವ ಮೊದಲು ಗಮನಿಸಬೇಕಾದವು

1. ಬುಕಿಂಗ್‌ನಲ್ಲಿ ನಿಮ್ಮದೇ ಫೋನ್ ಸಂಖ್ಯೆ, ಇ-ಮೇಲ್ ಹಾಕಿಸಿ. ಏಜೆಂಟರ ಇ-ಮೇಲ್ ಮಾತ್ರ ಇದ್ದರೆ ರದ್ದತಿಯ ಸುದ್ದಿ ನಿಮಗೆ ಸಕಾಲದಲ್ಲಿ ತಲುಪದಿರಬಹುದು.

2. ಎಲ್ಲ ವಿಮಾನಗಳೂ ಒಂದೇ ಪಿಎನ್‌ಆರ್ ಸಂಖ್ಯೆಯಡಿ ಇವೆಯೇ ಎಂದು ಕೇಳಿ. ಹಲವು ಸಂಖ್ಯೆಗಳಿದ್ದರೆ ಕಾರಣ ಕೇಳಿ.

3. ನೀವು ಕೊಂಡದ್ದು ಬರೀ ಟಿಕೆಟೋ ಪ್ಯಾಕೇಜೋ, ಪ್ಯಾಕೇಜಾದರೆ ಆಯೋಜಕರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ.

4. ನಿಲ್ದಾಣದಲ್ಲಿ ತೊಂದರೆಯಾದರೆ 'ನಮ್ಮ ಹಕ್ಕುಗಳ ಲಿಖಿತ ಪ್ರತಿ ಕೊಡಿ' ಎಂದು ಕೇಳಿ. ಅದನ್ನು ಕೊಡುವುದು ಸಂಸ್ಥೆಗೆ ಕಡ್ಡಾಯ. ತಡವಾದುದಕ್ಕೆ ಕಾರಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

5. ಬೋರ್ಡಿಂಗ್ ಪಾಸ್, ರಸೀದಿಗಳನ್ನು ಎಸೆಯಬೇಡಿ. ವೋಚರ್ ಪತ್ರಕ್ಕೆ ಓದದೆ ಸಹಿ ಹಾಕಬೇಡಿ.

6. ಮನೆಗೆ ಬಂದ ನಂತರ ಮೊದಲು ವಿಮಾನ ಸಂಸ್ಥೆಯ ಜಾಲತಾಣದ ಅರ್ಜಿಯಲ್ಲಿ ಬೇಡಿಕೆ ಸಲ್ಲಿಸಿ, ಇದಕ್ಕೆ ಶುಲ್ಕವಿಲ್ಲ. ಉತ್ತರ ಬಾರದಿದ್ದರೆ ಆ ದೇಶದ ಪ್ರಾಧಿಕಾರಕ್ಕೆ ದೂರು ಕೊಡಬಹುದು; ಇಟಲಿಯಲ್ಲಿ ಅದು ಎನಾಕ್, ಜರ್ಮನಿಯಲ್ಲಿ ಲುಫ್ಟ್‌ಫಾರ್ಟ್-ಬುಂಡೆಸಾಮ್ಟ್. ಹಣ ವಸೂಲು ಮಾಡಿಕೊಡುವ ಖಾಸಗಿ ಕಂಪೆನಿಗಳು ಪರಿಹಾರದ ಒಂದು ಪಾಲನ್ನು ತಾವು ಇಟ್ಟುಕೊಳ್ಳುತ್ತವೆ ಎಂಬುದು ನೆನಪಿರಲಿ.

ಕೊನೆಯದಾಗಿ ಒಂದು ಮಾತು. ಈ ಲೇಖನ ಏಜೆಂಟರ ವಿರುದ್ಧವಲ್ಲ. ವೀಸಾ ಕಾಗದದಿಂದ ಹಿಡಿದು ಅರ್ಧರಾತ್ರಿಯಲ್ಲಿ ಬೇರೆ ವಿಮಾನ ಹುಡುಕಿಕೊಡುವವರೆಗೆ, ಪ್ರಾಮಾಣಿಕವಾಗಿ ದುಡಿಯುವ ಅನೇಕರು ನಮ್ಮ ನಡುವೆ ಇದ್ದಾರೆ. ಅಂಥವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಡುವವರ ಬಳಿ ಹಣ ಕಟ್ಟುವ ಮೊದಲು ಮತ್ತೊಮ್ಮೆ ಯೋಚಿಸಿ. ನಿಮ್ಮ ಮನೆಯಿಂದ ಯಾರಾದರೂ ಯುರೋಪಿಗೆ ಹೊರಟಿದ್ದರೆ, ಮೇಲಿನ ಆರು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಡಿ.